ಹೊಗೆಯ ಪಾಳಿ

ಸಿರುಗುಪ್ಪದಲ್ಲಿ ನನ್ನ ಅತ್ತೆಯ ಕೆಂಪು ಸೀರೆಗೆ ಇದ್ದ ಮರ್ಯಾದೆ ನನ್ನ ಮಗಳ ಉಸಿರಿಗೆ ಇರಲಿಲ್ಲ. ಇದನ್ನು ನಯವಾಗಿ ಹೇಳಲು ನನಗೆ ಬರುವುದಿಲ್ಲ. ನಯವಾಗಿ ಮಾತಾಡುವವರೆಲ್ಲ ಒಂದು ಕಡೆ ಸೇರಿ, ಕಾಫಿ ಕುಡಿದು, ನಗುನಗುತ್ತಲೇ ಆ ಮಗುವಿನ ಕತ್ತು ಹಿಸುಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಹೆಸರು ವಿಜಯಾಬಾಯಿ. ಗಂಡ ಗೋಪಾಲಕೃಷ್ಣ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ನಾವಿಬ್ಬರು, ಆರು ವರ್ಷದ ಮಗಳು ಮಂದಾಕಿನಿ, ಮತ್ತು ಅತ್ತೆ ಲಕ್ಷ್ಮೀಬಾಯಿ. ಮಾವ ಊರಿನ ಶಾನುಭೋಗರಾಗಿದ್ದವರು. ಅವರು ತೀರಿಕೊಂಡ ಮೇಲೆ ಅತ್ತೆ ಕೆಂಪು ಸೀರೆ ಉಟ್ಟು ಮಡಿ ಹಿಡಿದವರು ಬಿಡಲೇ ಇಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಸೀರೆ ಹಿಂಡಿ, ಮಾಳಿಗೆಯ ಮೇಲೆ ಕಟ್ಟಿದ ಬಿದಿರ ಗಳಕ್ಕೆ ಕೋಲಿನಿಂದ ಹರವುತ್ತಿದ್ದರು. ಸಂಜೆ ಅದನ್ನು ಕೋಲಿನಿಂದಲೇ ಎತ್ತಿ ತಂದು ದೇವರ ಕೋಣೆಯ ಗಳದ ಮೇಲೆ ಹಾಕುವುದು, ಮರುದಿನ ಅದನ್ನೇ ಉಟ್ಟು ಅಡುಗೆ ಪೂಜೆ ಮಾಡುವುದು. ನಡುವೆ ಯಾರಾದರೂ ಮುಟ್ಟಿದರೆ ಮಡಿ ಹೋಯಿತು, ಅತ್ತೆಯ ಊಟವೂ ಹೋಯಿತು. ಉಪವಾಸ ಕೂತು ಇಡೀ ಮನೆಗೆ ಊಟ ಸೇರದಂತೆ ಮಾಡುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಾಲುವೆ ನೀರು ಬಂದು ಸುತ್ತಲಿನ ಹೊಲಗಳೆಲ್ಲ ಗದ್ದೆಯಾದ ಮೇಲೆ ಊರ ತುಂಬ ಅಕ್ಕಿ ಗಿರಣಿಗಳು ಎದ್ದಿದ್ದವು. ನಮ್ಮ ಮನೆಯ ಹಿಂದಿನದು ದೊಡ್ಡಬಸಪ್ಪನದು. ಭತ್ತ ಬೇಯಿಸಲು ಬಾಯ್ಲರು, ಬಾಯ್ಲರಿಗೆ ಹೊಟ್ಟಿನ ಉರಿ. ಚಿಮಣಿ ಎಂದು ಅವನು ನಿಲ್ಲಿಸಿದ್ದ ತಗಡಿನ ಕೊಳವೆ ನಮ್ಮ ಮಾಳಿಗೆಗಿಂತ ಒಂದಾಳು ಎತ್ತರ, ಅಷ್ಟೇ. ಎಪ್ಪತ್ತೆಂಟರ ಸುಗ್ಗಿಗೆ ಇನ್ನೊಂದು ಬಾಯ್ಲರು ಹಾಕಿಸಿದ. ಅಂದಿನಿಂದ ಬೂದಿ ನಮ್ಮ ಮನೆಯ ಸದಸ್ಯನಾಯಿತು. ಹಾಲಿನ ಮೇಲೆ ಬೂದಿ, ಹಾಸಿಗೆಯಲ್ಲಿ ಬೂದಿ, ಮೂಗು ಒರೆಸಿದರೆ ಸೆರಗಿಗೆ ಕಪ್ಪು. ಕಣ್ಣಿಗೆ ಬಿದ್ದರೆ ಚುಚ್ಚುತ್ತಿತ್ತು, ಉಜ್ಜಿದರೆ ಇನ್ನಷ್ಟು ಚುಚ್ಚುತ್ತಿತ್ತು.

ಮಂದಾಳಿಗೆ ಮೊದಲು ಒಣ ಕೆಮ್ಮು ಬಂತು. ಆಮೇಲೆ ಓಡಿದರೆ ಏದುಸಿರು. ಎದೆಗೆ ಕಿವಿಯಿಟ್ಟರೆ ಒಳಗೆ ಬೆಕ್ಕಿನ ಮರಿಯೊಂದು ಕೂತು ಕೊಯ್ಯೆನ್ನುತ್ತಿರುವಂತೆ ಕೇಳುತ್ತಿತ್ತು. ಬಸ್ಸು ಹತ್ತಿ ಬಳ್ಳಾರಿಗೆ ಕರೆದೊಯ್ದೆ. ಡಾಕ್ಟರು ಬೆನ್ನಿಗೆ ಬಡಿದು ನೋಡಿ, "ಉಬ್ಬಸ ಶುರುವಾಗ್ಯದಮ್ಮ. ಮಾತ್ರಿ ಕೊಡ್ತೀನಿ, ಆದ್ರ ಹೊಗಿಯೊಳಗ ಕೂಡಿಸಿ ಮಾತ್ರಿ ನುಂಗಿಸಿದ್ರ ಏನೂ ಉಪಯೋಗಿಲ್ಲ. ಮೊದಲು ಗಾಳಿ ಬದಲಿ ಮಾಡ್ರಿ," ಎಂದರು. ಗಾಳಿಯನ್ನು ಯಾವ ಅಂಗಡಿಯಲ್ಲಿ ಬದಲಿ ಮಾಡಿಕೊಡುತ್ತಾರೆ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

ಹಾಗೇ ಕುರುಗೋಡಿಗೆ ಹೋದೆ. ಅಲ್ಲಿ ನನ್ನ ಅಣ್ಣ ಅನಂತ ಶಾಲಾ ಮಾಸ್ತರ. ಮಂದಾ ಗುಡ್ಡದ ಬುಡದಲ್ಲಿ ಓಣಿಯ ಮಕ್ಕಳ ಜೊತೆ ಮುಟ್ಟಾಟ ಆಡಿದಳು, ಒಂದು ಸಲವೂ ಕೆಮ್ಮಲಿಲ್ಲ. ವಾರವಾಗುವಷ್ಟರಲ್ಲಿ ಅತ್ತಿಗೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡತೊಡಗಿದಳು. "ಇನ್ನೆರಡು ದಿನ ಇರು," ಎಂದ ಅಣ್ಣನೇ ನನ್ನ ಚೀಲವನ್ನು ಬಸ್ಸಿಗೆ ಹೊತ್ತು ತಂದ. ಸಿರುಗುಪ್ಪದ ಸ್ಟ್ಯಾಂಡಿನಲ್ಲಿ ಇಳಿದು ಓಣಿ ಮುಟ್ಟುವಷ್ಟರಲ್ಲಿ ಮಂದಾಳ ಎದೆಯಲ್ಲಿ ಮತ್ತೆ ಅದೇ ಸದ್ದು. ಇನ್ನು ಯಾರೂ ನನಗೆ ಶೀತ, ಕಫ, ದೃಷ್ಟಿ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರು, ಅದು ಬೇರೆ ಮಾತು.

ಗಂಡನಿಗೆ ಹೇಳಿದರೆ, "ದೊಡ್ಡ ಮಂದಿ ಕೂಡ ನಮಗ್ಯಾಕ ಜಗಳ," ಎಂದರು. ಪುರಸಭೆಗೆ ಹೋದರೆ ಅಲ್ಲಿನ ಅಧಿಕಾರಿ, "ನೀರಿಗೆ ಕಾನೂನೈತಿ, ಗಟಾರಕ್ಕ ಕಾನೂನೈತಿ. ಗಾಳಿಗೆ ಎಲ್ಲೈತ್ರಿ?" ಎಂದು ನಕ್ಕ. ಕೊನೆಗೆ ನಾನೇ ಗಿರಣಿಗೆ ಹೋದೆ.

ದೊಡ್ಡಬಸಪ್ಪ ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ.

"ಚಿಮಣಿ ಎತ್ತರ ಮಾಡಸ್ರಿ," ಎಂದೆ. "ನನ್ನ ಮಗಳಿಗೆ ಉಸಿರು ಹಿಡಿಲಿಕ್ಕೆ ಹತ್ತದ."

"ಅಕ್ಕಾರ, ನಮ್ಮ ಹೆಣ್ಣಾಳು ದಿನಾ ಇದ ಹೊಗ್ಯಾಗ ನಿಂತು ಭತ್ತ ಹರವ್ತಾರ. ಅವರಿಗೇನಾಗೇತಿ? ನಿಮ್ಮ ಹುಡುಗಿಗೆ ತುಪ್ಪ ಕಮ್ಮಿ ಮಾಡ್ರಿ, ಕಫ ಕರಗತೈತಿ." ಎಂದು ಹಿಂದೆ ತಿರುಗಿ, "ಏನ್ ಎರ್ರಮ್ಮಾ, ನಿನಗೇನಾರ ಆಗೇತೇನು?" ಎಂದ.

ಕಣದಲ್ಲಿ ಭತ್ತ ಹರವುತ್ತಿದ್ದ ಎರ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಕೆಮ್ಮು ಮುಗಿಸಿ, "ಏನಿಲ್ರೀ ಧಣಿ," ಎಂದಳು. ಅವನು ನನ್ನ ಕಡೆ ನೋಡಿ ಗೆದ್ದವನಂತೆ ಎರಡೂ ಕೈ ಅಗಲಿಸಿದ. ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು ನನಗೆ.

ಹೀಗೆ ನನ್ನ ಮಾತು ಎಲ್ಲೂ ನಡೆಯದೆ ಇದ್ದಾಗ ಅತ್ತೆಯ ಸೀರೆಯ ಮೇಲೆ ಬೂದಿ ಬಿತ್ತು. ಅದಕ್ಕೂ ಮೊದಲು ಅಷ್ಟಿಷ್ಟು ಬೀಳುತ್ತಿತ್ತು, ಅವರು ಕೊಡವಿಕೊಳ್ಳುತ್ತಿದ್ದರು. ಅಂದು ಗಾಳಿ ಇತ್ತ ತಿರುಗಿ ಒದ್ದೆ ಸೀರೆಯ ತುಂಬ ಕಪ್ಪು ಅಂಟಿತು. ಅತ್ತೆ ನೋಡಿದರು, ಮಾಳಿಗೆಯಿಂದ ಇಳಿದರು, ವರ್ಷಗಟ್ಟಲೆ ಹೊಸ್ತಿಲು ದಾಟದವರು ಓಣಿಗಿಳಿದು ಗಿರಣಿಯ ಬಾಗಿಲಲ್ಲಿ ಹೋಗಿ ನಿಂತರು. ಕೆಂಪು ಸೀರೆಯ ಮುದುಕಿ ಸುಮ್ಮನೆ ಬಾಗಿಲಲ್ಲಿ ನಿಂತಳು ಅಷ್ಟೇ, ಗಿರಣಿ ನಿಂತುಹೋಯಿತು! ನನ್ನ ಮಗಳ ಕೆಮ್ಮಿಗೆ ಹೆದರದ ದೊಡ್ಡಬಸಪ್ಪ ಮಡಿ ಹೆಂಗಸಿನ ಶಾಪಕ್ಕೆ ಹೆದರಿ ಕುರ್ಚಿ ಬಿಟ್ಟು ಎದ್ದ.

ಅವತ್ತು ಸಂಜೆಯೇ ಹಿರಿಯ ವರ್ತಕ ತಿಪ್ಪೇರುದ್ರಪ್ಪನ ಅಂಗಡಿಯ ಜಗಲಿಯಲ್ಲಿ ಪಂಚಾಯ್ತಿ ಕೂಡಿತು. ಗಂಡಸರೆಲ್ಲ ಮೇಲೆ, ಅತ್ತೆ ಒಂದು ಕಡೆ ದೂರ ಮಣೆಯ ಮೇಲೆ, ಅವರ ಹಿಂದೆ ನಾನು ಮಂದಾಳನ್ನು ಎತ್ತಿಕೊಂಡು. ಊರಿಗೆ ಊರೇ ಸೇರಿದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಗಿತ್ತು. ಯಾವ ಕಾರಣಕ್ಕಾದರೂ ಆಗಲಿ, ಹೊಗೆಯ ಮಾತು ಎದ್ದಿತಲ್ಲ ಎಂದುಕೊಂಡೆ.

ಹೊಗೆಯ ಮಾತು ಏಳಲೇ ಇಲ್ಲ. ಬೂದಿ ಶುದ್ಧವೋ ಅಶುದ್ಧವೋ ಎಂಬುದೇ ಮಾತಾಯಿತು.

"ಅಮ್ಮಾರ, ತಪ್ಪು ತಿಳಕಾಬ್ಯಾಡ್ರಿ," ಎಂದು ದೊಡ್ಡಬಸಪ್ಪ ಶುರುಮಾಡಿದ. "ಬೂದಿ ಬಿದ್ರ ಮೈಲಿಗಿ ಹೆಂಗಾಕೈತಿ? ನಾವು ಬೂದಿ ಹಣಿಗೆ ಹಚ್ಚಿಕೊಂಡ ಲಿಂಗಪೂಜಿಗೆ ಕುಂದ್ರತೀವಿ. ಬೂದಿಗಿಂತ ಮಡಿ ಯಾವುದೈತ್ರಿ?"

"ನಿಮ್ಮ ವಿಭೂತಿ ಆಕಳ ಸಗಣೀದು, ಸಂಸ್ಕಾರ ಮಾಡಿದ್ದು," ಎಂದರು ಅತ್ತೆ. "ಇದು ಹತ್ತು ಮಂದಿ ತುಳಿದ ಹೊಟ್ಟಿನ ಬೂದಿ. ಇದನ್ನ ನೀ ಹಣಿಗೆ ಹಚ್ಕೋತಿಯೇನು? ಹಚ್ಕೋ, ನೋಡೋಣ."

ಜಗಲಿಯಲ್ಲಿ ನಗೆ ಎದ್ದಿತು. ಅವನ ಕಡೆಯವರಿಗೆ ಸಿಟ್ಟು ಬಂತು, ನಮ್ಮ ಕಡೆಯವರಿಗೆ ಹುರುಪು ಬಂತು. ಒಬ್ಬ ಶಿವನನ್ನು ಎಳೆದು ತಂದ, ಇನ್ನೊಬ್ಬ ವಿಷ್ಣುವನ್ನು ಎಳೆದು ತಂದ. ನನ್ನ ಗಂಡ, ಮನೆಯಲ್ಲಿ ತುಟಿ ಬಿಚ್ಚದ ಪ್ರಾಣಿ, ಎದ್ದು ನಿಂತು ಶ್ಲೋಕ ಹೇಳಿದರು. ಮಂದಾ ನನ್ನ ಹೆಗಲ ಮೇಲೆ ಕೊಯ್ಯೆನ್ನುತ್ತಿದ್ದಳು. ಇಷ್ಟು ಜನ ವಿದ್ಯಾವಂತರು ಕೂತು ಬೂದಿಯ ಜಾತಿ ಹುಡುಕುತ್ತಿದ್ದಾರೆ, ಆ ಬೂದಿ ಮಗುವಿನ ಎದೆಯೊಳಗೆ ಇಳಿಯುತ್ತಿರುವುದು ಒಬ್ಬನಿಗೂ ಕಾಣುತ್ತಿಲ್ಲ ಎಂದು ನನ್ನ ಮೈ ಉರಿಯಿತು.

"ಮನಿ ಒಳಗ ಒಣಗಿಸಿದ್ರ ಹೆಂಗ್ರಿ ಅಮ್ಮಾರ?" ಎಂದು ಒಬ್ಬ ಕೇಳಿದ.

"ಮಾಳಿಗಿ ಗವಾಕ್ಷಿಯಿಂದ ಒಳಗೂ ಬೀಳ್ತದ. ಗವಾಕ್ಷಿ ಮುಚ್ಚಿದ್ರ ಅಡಿಗಿ ಹೊಗಿ ಎಲ್ಲೆ ಹೋಗಬೇಕು?"

ಆಗ ತಿಪ್ಪೇರುದ್ರಪ್ಪ ಗಂಟಲು ಸರಿಮಾಡಿಕೊಂಡ. ಊರಿನಲ್ಲಿ ಅವನ ಮಾತೆಂದರೆ ಮಾತು. "ಅಮ್ಮಾರ ಸೀರಿ ಒಣಗೋದು ಹಗಲು. ಬಸಪ್ಪನ ಬಾಯ್ಲರ್ ಉರಿಯೋದೂ ಹಗಲು. ಅದಕ್ಕ ಜಗಳ. ಬಾಯ್ಲರ್ ರಾತ್ರಿ ಪಾಳಿಗೆ ಹಾಕಿದ್ರ ಜಗಳಾನ ಇಲ್ಲ. ಕತ್ಲಾದ ಮ್ಯಾಲ ಹಚ್ಚು, ಬೆಳಕು ಹರಿಯೋದ್ರಾಗ ಆರಿಸು. ಸೀರಿಗೆ ಸೀರಿ ಉಳೀತು, ಭತ್ತಕ್ಕ ಭತ್ತ ಬೆಂತು."

ಎಲ್ಲರೂ ತಲೆದೂಗಿದರು. ಆಹಾ, ಎಂಥ ಬುದ್ಧಿವಂತಿಕೆ ಎಂದು ಯಾರೋ ಅಂದರು. ನಾನು ಮರ್ಯಾದೆ ಬಿಟ್ಟು ಮುಂದೆ ಬಂದೆ. "ರಾತ್ರಿ ಮಕ್ಕಳು ಮಲಗ್ತಾರ್ರಿ. ಹಗಲಾದ್ರ ಗಾಳಿಗೆ ಹೊಗಿ ಮ್ಯಾಲೆ ಹೋಗ್ತದ, ನನ್ನ ಮಗಳು ಊರಾಚಿ ಸಾಲ್ಯಾಗರ ಇರ್ತಾಳ. ರಾತ್ರಿ ಗಾಳಿನೇ ಇರೋದಿಲ್ಲ, ಚಳಿಗಾಲ ಬೇರೆ. ಹೊಗಿ ಓಣ್ಯಾಗ ಕೂಡ್ತದ. ನೀವು ಸೀರಿ ಉಳಿಸಿ ಕೂಸಿನ್ನ ಕೊಲ್ಲಿಕ್ಕೆ ಹತ್ತೀರಿ!"

"ತಂಗೀ, ಎಲ್ಲಾ ಬಗೀಹರೀತಲ್ಲ," ಎಂದ ತಿಪ್ಪೇರುದ್ರಪ್ಪ ಮೃದುವಾಗಿ. "ನಿಮ್ಮ ಮನಿ ಹಿರೇರು ಒಪ್ಪ್ಯಾರ."

ನಾನು ಅತ್ತೆಯ ಕಡೆ ನೋಡಿದೆ. ಅವರು ಕೈಯಲ್ಲಿದ್ದ ಜಪಮಣಿ ಸರಿಸುತ್ತ, "ಆಗಲಿ," ಎಂದರು. ಎಲ್ಲರಿಗೂ ಕಾಫಿ ಬಂತು. ದೊಡ್ಡಬಸಪ್ಪ ಅತ್ತೆಗೆ ತೆಂಗಿನಕಾಯಿ, ಬಾಳೆಹಣ್ಣು ಕೊಟ್ಟು ದೂರದಿಂದಲೇ ನಮಸ್ಕಾರ ಮಾಡಿದ.

ರಾತ್ರಿ ಪಾಳಿ ಶುರುವಾಯಿತು. ಸೂರ್ಯ ಮುಳುಗಿದ್ದೇ ಬಾಯ್ಲರು ಉರಿಯುತ್ತಿತ್ತು, ಹೊಗೆ ಮೇಲೆ ಏರದೆ ಓಣಿಗೇ ಇಳಿದು ಮನೆಗಳ ಬಾಗಿಲಲ್ಲಿ ಕೂರುತ್ತಿತ್ತು. ಬಾಗಿಲು ಹಾಕಿದರೆ ಸಂದಿಯಿಂದ, ಸಂದಿಗೆ ಬಟ್ಟೆ ತುರುಕಿದರೆ ಗವಾಕ್ಷಿಯಿಂದ ಬರುತ್ತಿತ್ತು. ಮಂದಾ ಮಲಗುವುದನ್ನೇ ಬಿಟ್ಟಳು. ದಿಂಬಿಗೆ ಆತು ಕೂತು, ಭುಜ ಮೇಲೆತ್ತಿ, ಒಂದೊಂದೇ ಉಸಿರನ್ನು ಎಳೆಯುತ್ತಿದ್ದಳು. ಮಾತಾಡಲು ಉಸಿರು ಸಾಲದೆ ಕಣ್ಣಿನಲ್ಲೇ ನೀರು ಕೇಳುತ್ತಿದ್ದಳು. ಹಗಲು ಶಾಲೆಗೆ ಹೋಗಲು ತ್ರಾಣವಿಲ್ಲದೆ ಬಿದ್ದಿರುತ್ತಿದ್ದಳು. ಮಾಳಿಗೆಯ ಮೇಲೆ ಅತ್ತೆಯ ಸೀರೆ ಮಾತ್ರ ಬಿಸಿಲಲ್ಲಿ ಹಾಯಾಗಿ ಒಣಗುತ್ತಿತ್ತು. ಆ ಸೀರೆಯನ್ನು ನಾನು ದ್ವೇಷಿಸಿದಷ್ಟು ಯಾವ ಮನುಷ್ಯನನ್ನೂ ದ್ವೇಷಿಸಿಲ್ಲ.

"ಅತ್ಯಾರ, ಸೀರಿಗೆ ಇನ್ನೂ ಬೂದಿ ಬೀಳ್ತದ ಅಂತ ಒಂದು ಮಾತು ಹೇಳ್ರಿ," ಎಂದು ಬೇಡಿಕೊಂಡೆ. "ನಿಮ್ಮ ಮಾತಿಗೆ ಅವ ಹೆದರ್ತಾನ. ಚಿಮಣಿನೇ ಎತ್ತರ ಮಾಡಸ್ತಾನ."

"ಸೀರಿ ಸ್ವಚ್ಛ ಅದ. ಸುಳ್ಳು ಹ್ಯಾಂಗ ಹೇಳಲಿ?"

"ಕೂಸು ಸಾಯ್ಲಿಕ್ಕೆ ಹತ್ತದ!"

"ನಾ ದಿನಾ ರಾಯರಿಗೆ ಬೇಡ್ಕೋತೀನಿ," ಎಂದರು. ಅವರ ಕಣ್ಣು ಕೆಂಪಾಗಿದ್ದವು, ಹೊಗೆಗೋ ನಿದ್ದೆಯಿಲ್ಲದ್ದಕ್ಕೋ ನಾನು ಕೇಳಲಿಲ್ಲ. ಬೇಡಿಕೊಳ್ಳುವುದು ಸುಲಭ, ಒಂದು ಸುಳ್ಳು ಹೇಳುವುದು ಕಷ್ಟ. ಇಂಥ ಪುಣ್ಯವಂತರ ಜೊತೆ ಬಾಳುವುದು ನರಕ.

ಮತ್ತೆ ದೊಡ್ಡಬಸಪ್ಪನ ಹತ್ತಿರ ಹೋದೆ. ಅವನಿಗೂ ಸಿಟ್ಟು ಬಂದಿತ್ತು. "ರಾತ್ರಿ ಪಾಳಿ ನನಗೇನು ಸುಖ ಅಂತ ತಿಳಿದೀರೇನು? ಕೂಲಿ ಹೆಚ್ಚು, ಆಳು ತೂಕಡಸ್ತಾರ. ಅಮ್ಮಾರ ಮಡಿ ಇರೋತನ ನನ್ನ ಮಾತು. ಮಡಿ ಬ್ಯಾಡ ಅಂದ ದಿನ ನಾನು ಹಗಲಿಗೆ ಹಚ್ಚತೀನಿ. ಹೋಗ್ರಿ, ನಿಮ್ಮ ಅತ್ತಿನ್ನ ಕೇಳ್ರಿ."

ಅದನ್ನು ಅವನು ಹಂಗಿಸಲು ಹೇಳಿದ್ದ. ನಾನು ಅದನ್ನೇ ಹಿಡಿದುಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಮಂದಾಳ ತುಟಿ ನೀಲಿಯಾಗಿತ್ತು. ಗಂಡ ಬಾಡಿಗೆ ಕಾರು ಹುಡುಕಲು ಸ್ಟ್ಯಾಂಡಿಗೆ ಓಡಿದ್ದರು. ಅತ್ತೆ ಹಿತ್ತಿಲ ಬಾವಿಯಲ್ಲಿ ನೀರು ಸೇದುತ್ತಿದ್ದರು. ನಾನು ಸ್ನಾನ ಮಾಡಿರಲಿಲ್ಲ, ತಲೆ ಕೆದರಿತ್ತು, ರಾತ್ರಿ ಮಗು ಕಾರಿಕೊಂಡದ್ದು ನನ್ನ ಸೀರೆಯ ಮೇಲೆಯೇ ಒಣಗಿತ್ತು. ಹಾಗೇ ದೇವರ ಕೋಣೆಗೆ ನುಗ್ಗಿದೆ. ಗಳದ ಮೇಲಿದ್ದ ಕೆಂಪು ಸೀರೆಯನ್ನು ಎರಡೂ ಕೈಯಿಂದ ಎಳೆದುಕೊಂಡೆ. ಅದರಲ್ಲಿ ಮಂದಾಳನ್ನು ಸುತ್ತಿ ಎತ್ತಿಕೊಂಡು ಹೊರಬಿದ್ದೆ.

"ಮುಟ್ಟಬ್ಯಾಡ! ಏ ವಿಜಯಾ, ಮುಟ್ಟಬ್ಯಾಡ!" ಎಂದು ಅತ್ತೆ ಕೂಗಿದ್ದು ಕೇಳಿಸಿತು. ಆಗಲೇ ನಾನು ಓಣಿಯಲ್ಲಿದ್ದೆ.

ಗಿರಣಿಯ ಕಣದಲ್ಲಿ ರಾತ್ರಿ ಪಾಳಿಯ ಹೆಣ್ಣಾಳುಗಳು ಬೆಂದ ಭತ್ತ ಹರವುತ್ತಿದ್ದರು. ತಿಪ್ಪೇರುದ್ರಪ್ಪನೂ ಅಕ್ಕಿ ವ್ಯಾಪಾರಕ್ಕೆ ಬಂದು ಕೂತಿದ್ದ. ಒಳ್ಳೆಯದೇ ಆಯಿತು. ನಾನು ಅವರಿಬ್ಬರ ಮುಂದೆ ಹೋಗಿ ನಿಂತೆ.

"ನೋಡ್ರಿ, ಇದು ಮಡಿ ಸೀರಿ. ನಾನು ಮುಟ್ಟೀನಿ, ಹುಡುಗಿಗೆ ಸುತ್ತೀನಿ, ಎಲ್ಲಾರೂ ಕಣ್ಣು ತುಂಬ ನೋಡ್ರಿ. ನಾಳೆನೂ ಮುಟ್ತೀನಿ, ನಾಡದ್ದೂ ಮುಟ್ತೀನಿ, ಅವರು ಒಣಗಿಸಿದ್ದೆಲ್ಲಾ ಮುಟ್ತೀನಿ. ಇನ್ನ ನಮ್ಮ ಮನ್ಯಾಗ ಮಡಿ ಇಲ್ಲ. ಮಡಿ ಇಲ್ಲಂದ್ರ ನಿಮ್ಮ ಮಾತೂ ಇಲ್ಲ. ಹಗಲಿಗೆ ಹಚ್ಚು, ದೊಡ್ಡಬಸಪ್ಪ! ಇವತ್ತ ರಾತ್ರಿ ಆ ಬಾಯ್ಲರ್ ಉರೀತು ಅಂದ್ರ ಈ ಕೂಸಿನ್ನ ತಂದು ನಿನ್ನ ತಕ್ಕಡಿ ಮ್ಯಾಲೆ ಮಲಗಿಸಿ ಹೋಗ್ತೀನಿ. ತೂಕ ಮಾಡಿಕೊ!"

ಕೆಂಪು ಸೀರೆಯೊಳಗಿಂದ ಮಂದಾಳ ಉಸಿರು ಎಳೆಯುವ ಸದ್ದು ಕಣಕ್ಕೆಲ್ಲ ಕೇಳುತ್ತಿತ್ತು. ಎರ್ರಮ್ಮ ಭತ್ತ ಹರವುವ ಹಲಗೆ ಕೆಳಗಿಟ್ಟು ಅಳತೊಡಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ಬಂದು ನಿಂತರು, ಸೇದಿದ ಕೊಡ ಇನ್ನೂ ಸೊಂಟದಲ್ಲೇ ಇತ್ತು. ದೊಡ್ಡಬಸಪ್ಪ ಅವರ ಕಡೆ ತಿರುಗಿ ಕೈಮುಗಿದ. "ಅಮ್ಮಾರ, ಮಾತು ಮುರಿದಾವ ನಾನಲ್ಲ. ನಿಮ್ಮ ಸೊಸಿ. ಪಾಪ ಅಕಿಗೇ ಹತ್ತಲಿ."

ಅತ್ತೆ ಸೀರೆಯನ್ನು ನೋಡಿದರು, ಅದರೊಳಗಿದ್ದ ನೀಲಿ ತುಟಿಯನ್ನು ನೋಡಿದರು. ಕೊಡ ಹೊತ್ತೇ ತಿರುಗಿ ಹೋದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಮೂಗಿಗೆ ಆಮ್ಲಜನಕ ಹಿಡಿದು ಮಂದಾಳನ್ನು ಉಳಿಸಿದರು. ನಾವು ವಾಪಸು ಬಂದಾಗ ಬಾಯ್ಲರು ಹಗಲಿಗೆ ಬಂದಿತ್ತು. ಹೊಗೆ ಕಮ್ಮಿಯಾಗಿರಲಿಲ್ಲ, ಬೂದಿ ಕಮ್ಮಿಯಾಗಿರಲಿಲ್ಲ, ಚಿಮಣಿ ಒಂದು ಗೇಣೂ ಬೆಳೆದಿರಲಿಲ್ಲ. ನಾನು ಗೆದ್ದದ್ದು ಇಷ್ಟೇ: ನನ್ನ ಮಗಳು ರಾತ್ರಿ ಮಲಗುತ್ತಿದ್ದಳು, ಬೆಳಿಗ್ಗೆ ಎದ್ದು ಊರಾಚೆಯ ಶಾಲೆಗೆ ಹೋಗುತ್ತಿದ್ದಳು. ತಾಯಿಯ ಜೊತೆ ಕಣದಲ್ಲೇ ಇದ್ದು ಹಗಲಿಡೀ ಹೊಗೆ ಕುಡಿಯುವ ಎರ್ರಮ್ಮನ ಮಕ್ಕಳ ಗತಿ ಏನು ಎಂದು ನಾನು ಯಾರನ್ನೂ ಕೇಳಲಿಲ್ಲ, ಯಾರೂ ನನಗೆ ಹೇಳಲಿಲ್ಲ.

ಅತ್ತೆ ನನ್ನ ಕೈಯ ನೀರು ಬಿಟ್ಟರು. ಮಾತು ಬಿಟ್ಟರು. ಎದುರಿಗೆ ಬಂದರೆ ಗೋಡೆಗೆ ಸರಿದು ದಾರಿ ಕೊಡುತ್ತಿದ್ದರು. ಗಂಡ, "ಕಾಲಿಗೆ ಬಿದ್ದು ಕ್ಷಮಾ ಕೇಳು," ಎಂದರು. "ಅವರು ಮೊದಲು ಮಂದಾನ ಕಾಲಿಗೆ ಬೀಳಲಿ," ಎಂದೆ.

ಒಂದು ದಿನ ಸಂಜೆ ದೊಡ್ಡಬಸಪ್ಪ ಹಣ್ಣಿನ ಬುಟ್ಟಿ ಹಿಡಿದು ನಮ್ಮ ಪಡಸಾಲೆಗೆ ಬಂದ. ಅವನ ಎತ್ತೊಂದು ಸತ್ತಿತ್ತಂತೆ, ಹೆಂಡತಿಗೆ ಜ್ವರವಂತೆ, ಮಡಿ ಕೆಟ್ಟದ್ದರ ಶಾಪ ತನಗೇ ತಟ್ಟಿದೆ ಎಂದು ಹೆದರಿದ್ದ. "ಅಮ್ಮಾರ, ಸೊಸಿ ಮಾತು ಬಿಡ್ರಿ. ನಿಮ್ಮ ಸೀರಿ ಒಣಗಾಕ ನಮ್ಮ ಬಂಗ್ಲೆ ಮಾಳಿಗಿ ಮ್ಯಾಲ ಬ್ಯಾರೆ ಜಾಗ ಮಾಡಿ ಕಾವಲು ಇಡತೀನಿ. ಅಲ್ಲಿ ಯಾರೂ ಮುಟ್ಟಂಗಿಲ್ಲ. ಬಾಯ್ಲರ್ ಮತ್ತ ರಾತ್ರಿಗೇ ಹಾಕತೀನಿ, ಒಂದು ಚೂರು ಬೂದಿ ಬೀಳಂಗಿಲ್ಲ. ಹೂಂ ಅನ್ರಿ."

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಹೂಂ ಎನ್ನುವುದಕ್ಕೆ ಅತ್ತೆಗೆ ಎಷ್ಟು ಹೊತ್ತು ಬೇಕು?

"ಬ್ಯಾಡ," ಎಂದರು ಅತ್ತೆ. "ಒಣಾ ಸೀರಿ ನನಗ ಬ್ಯಾಡ. ತೋಯಿಸಿ ಹಿಂಡಿ ಹಸೀದೇ ಉಟ್ರೂ ಮಡಿನೇ. ನೀ ಹಗಲಿಗೇ ಹಚ್ಚು."

ಅವನು ಹೋದ ಮೇಲೆ ನಾನು ತಡೆಯಲಾರದೆ ಎದುರಿಗೆ ಹೋದೆ. "ಇದು ನಿಮಗ ಮೊದಲೇ ಗೊತ್ತಿತ್ತಲ್ಲ? ಹಸೀದು ಉಡಬಹುದು ಅಂತ ಅವತ್ತೇ ಜಗಲಿ ಮ್ಯಾಲೆ ಯಾಕ ಅನ್ನಲಿಲ್ಲ?"

ಅವರು ಗೋಡೆಗೆ ಸರಿದರು. "ನಿನ್ನ ಜೋಡಿ ನನಗ ಮಾತಿಲ್ಲ," ಎಂದು ಒಳಗೆ ಹೋದರು.

ಉಳಿದ ಚಳಿಗಾಲವಿಡೀ ಅವರು ನಸುಕಿನಲ್ಲಿ ಬಾವಿಯ ನೀರಿಗೆ ಸೀರೆ ಅದ್ದಿ, ಹಿಂಡಿ, ನೀರು ತೊಟ್ಟಿಕ್ಕುವ ಹಾಗೇ ಉಟ್ಟು ಒಲೆಯ ಮುಂದೆ ಕೂರುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಅವರಿಗೂ ಕೆಮ್ಮು ಹತ್ತಿತು, ಮುದಿ ಎಲುಬೆಲ್ಲ ಅಲುಗಾಡಿಸುವ ಕೆಮ್ಮು. ಒಂದು ಒಣ ಸೀರೆ ಉಡಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ, ಇವತ್ತಾಗಿದ್ದರೂ ಹೇಳುತ್ತಿರಲಿಲ್ಲ. ಒಣ ಸೀರೆ ಎಂದರೆ ರಾತ್ರಿಯ ಬಾಯ್ಲರು, ಅದು ಅವರಿಗೂ ಗೊತ್ತಿತ್ತು. ಗೋಡೆಯ ಆ ಬದಿಗೆ ಅವರು ಕೆಮ್ಮುತ್ತಿದ್ದರು, ಈ ಬದಿಗೆ ನಾನು ಮಲಗಿದ ಮಗಳ ಎದೆಯ ಮೇಲೆ ಕೈಯಿಟ್ಟುಕೊಂಡು ಅದನ್ನು ಕೇಳುತ್ತ ಕೂತಿರುತ್ತಿದ್ದೆ.